ಬಿ.ಕಾಂ ಕೈಯಲ್ಲಿದ್ದೂ ಅಮೆರಿಕದಲ್ಲಿ ಮತ್ತೆ ಅಕೌಂಟಿಂಗ್ ಓದಿದ ಲೆಕ್ಕ

2025ರ ಡಿಸೆಂಬರ್‌ನಲ್ಲಿ ನನ್ನ ಅಸೋಸಿಯೇಟ್ ಡಿಗ್ರಿ ಮುಗಿಯಿತು. ವಿಷಯ ಅಕೌಂಟಿಂಗ್. ಓದಿದ್ದು ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಸುತ್ತಮುತ್ತಲಿನ ಒಂದು ಸಾರ್ವಜನಿಕ ಕಮ್ಯೂನಿಟಿ ಕಾಲೇಜಿನಲ್ಲಿ. ಕನ್ನಡ ಕೂಟದ ಕಾರ್ಯಕ್ರಮಗಳಿಗೆ ಹೋದಾಗ ಊಟದ ಸಾಲಿನಲ್ಲಿ ಒಬ್ಬರಲ್ಲ ಒಬ್ಬರು ಕೇಳುತ್ತಾರೆ: "ನಾನೂ ಬಿ.ಕಾಂ ಮಾಡಿದ್ದೇನೆ, ಎಚ್-4 ವೀಸಾದಲ್ಲಿದ್ದೇನೆ. ಸೇರಿದರೆ ಪ್ರಯೋಜನವಿದೆಯೇ?" (ಎಚ್-4 ಎಂದರೆ ಎಚ್-1ಬಿ ಕೆಲಸದ ವೀಸಾದಲ್ಲಿರುವವರ ಗಂಡ ಅಥವಾ ಹೆಂಡತಿಗೆ ಸಿಗುವ ವೀಸಾ.) ತಟ್ಟೆ ಹಿಡಿದು ನಿಂತಲ್ಲಿ ಇದಕ್ಕೆ ಉತ್ತರ ಹೇಳಲಾಗುವುದಿಲ್ಲ. ಹೌದು ಎಂದರೂ ತಪ್ಪಾಗಬಹುದು, ಇಲ್ಲ ಎಂದರೂ ತಪ್ಪಾಗಬಹುದು. ಹಾಗಾಗಿ ನಡೆದದ್ದನ್ನೆಲ್ಲ ಖರ್ಚಿನ ಸಮೇತ ಬರೆಯುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಮೊದಲು ಒಂದು ಮಾತು. ಅಸೋಸಿಯೇಟ್ ಡಿಗ್ರಿ ಎಂದರೆ 60 ಯೂನಿಟ್‌ಗಳ (ನಮ್ಮ ಕಡೆಯ ಕ್ರೆಡಿಟ್‌ಗಳ ಹಾಗೆ), ಪೂರ್ಣಾವಧಿ ಓದಿದರೆ ಎರಡು ವರ್ಷದ ಪದವಿ. ಇಲ್ಲಿನ ನಾಲ್ಕು ವರ್ಷದ ಬ್ಯಾಚುಲರ್ ಪದವಿಯ ಅರ್ಧ ದಾರಿ. ನಮ್ಮ ಕಡೆಯ ಡಿಪ್ಲೊಮಾದ ಹಾಗೆ ಬರೀ ವೃತ್ತಿ ವಿಷಯಗಳು ಇದರಲ್ಲಿರುವುದಿಲ್ಲ. ಇಂಗ್ಲಿಷ್ ಬರವಣಿಗೆ, ಸಂಖ್ಯಾಶಾಸ್ತ್ರ, ವಿಜ್ಞಾನ, ಸಮಾಜಶಾಸ್ತ್ರ ಎಂದು ಸಾಮಾನ್ಯ ಶಿಕ್ಷಣದ ದೊಡ್ಡ ಪಾಲೂ ಸೇರಿರುತ್ತದೆ.

ಮದುವೆಗೆ ಮುಂಚೆ ನಾನು ಊರಿನಲ್ಲಿ ಒಬ್ಬ ಆಡಿಟರ್ ಬಳಿ ಕೆಲಸ ಮಾಡುತ್ತಿದ್ದೆ. ಟ್ಯಾಲಿಯಲ್ಲಿ ಲೆಕ್ಕ ಹಾಕುವುದು, ಜಿಎಸ್‌ಟಿ ರಿಟರ್ನ್ ತುಂಬುವುದು, ಮಾರ್ಚ್ ಬಂತೆಂದರೆ ರಾತ್ರಿ ಒಂಬತ್ತರವರೆಗೆ ಕಚೇರಿಯಲ್ಲೇ ಇರುವುದು. ಅಮೆರಿಕಕ್ಕೆ ಬಂದ ಮೇಲೆ ಅದೆಲ್ಲ ಒಮ್ಮೆಲೇ ನಿಂತಿತು. ಮಗಳು ಹುಟ್ಟಿದಳು. ಎಚ್-4ನವರಿಗೆ ಇಲ್ಲಿ ಓದುವುದಕ್ಕೆ ಯಾವ ಅಡ್ಡಿಯೂ ಇಲ್ಲ, ವೀಸಾ ಬದಲಿಸಬೇಕಾಗಿಯೂ ಇಲ್ಲ. ಆದರೆ ಸಂಬಳಕ್ಕೆ ದುಡಿಯಲು ಇಎಡಿ ಎಂಬ ಕೆಲಸದ ಪರವಾನಗಿ ಬೇಕು. 2015ರಿಂದ ಜಾರಿಯಲ್ಲಿರುವ ನಿಯಮದ ಪ್ರಕಾರ, ಗಂಡ ಅಥವಾ ಹೆಂಡತಿಯ ಗ್ರೀನ್ ಕಾರ್ಡ್ ಪ್ರಕ್ರಿಯೆಯಲ್ಲಿ ಐ-140 ಅರ್ಜಿ ಮಂಜೂರಾಗಿದ್ದರೆ ಸಾಮಾನ್ಯವಾಗಿ ಅದು ಸಿಗುತ್ತದೆ. ನಮ್ಮವರ ಐ-140 ಮಂಜೂರಾದಾಗ ಮಗಳಿಗೆ ಎರಡು ವರ್ಷ. ಇಎಡಿ ಬಂದ ಕೂಡಲೇ ಒಂದು ತೆರಿಗೆ ಕಚೇರಿಯವರು ಗಂಟೆಗೆ 21 ಡಾಲರ್‌ಗೆ ಕೆಲಸ ಕೊಡಲು ಮುಂದೆ ಬಂದರು. ಮೊದಲ ಸೀಸನ್ ಮುಗಿದ ಮೇಲೆ ಕಾಯಂ ಮಾಡುತ್ತೇವೆ ಎಂದರು. ನಾನು ತೂಗಿ ನೋಡಬೇಕಾಗಿ ಬಂದದ್ದು ಆಗಲೇ: ಈ ಕೆಲಸ ಹಿಡಿಯುವುದೇ, ಓದುವುದೇ?

ಅತ್ತೆಯವರು ಫೋನಿನಲ್ಲಿ, "ಬಿ.ಕಾಂ ಆಗಿದೆಯಲ್ಲಮ್ಮಾ, ಮತ್ತೆ ಕಾಲೇಜೇಕೆ?" ಎಂದರು. ನ್ಯಾಯವಾದ ಪ್ರಶ್ನೆಯೇ. ಅದಕ್ಕೆ ಉತ್ತರ ಸಿಕ್ಕಿದ್ದು ಪದವಿ ಮೌಲ್ಯಮಾಪನದ ಕಾಗದ ಕೈಗೆ ಬಂದಾಗ.

ಭಾರತದ ಪದವಿ ಅಮೆರಿಕದಲ್ಲಿ ಯಾವುದಕ್ಕೆ ಸಮ ಎಂದು ಹೇಳುವ ಖಾಸಗಿ ಸಂಸ್ಥೆಗಳಿವೆ. ಅವರಿಗೆ ವಿಶ್ವವಿದ್ಯಾಲಯದಿಂದ ಮೊಹರು ಹಾಕಿದ ಲಕೋಟೆಯಲ್ಲಿ ಟ್ರಾನ್ಸ್‌ಕ್ರಿಪ್ಟ್ ಹೋಗಬೇಕು. ಅಂಕಪಟ್ಟಿಯ ಜೆರಾಕ್ಸ್ ನಡೆಯುವುದಿಲ್ಲ. ಊರಿನಲ್ಲಿರುವ ತಮ್ಮನಿಗೆ ಈ ಕೆಲಸ ವಹಿಸಿದೆ. ಚಲನ್ ಕಟ್ಟಿದ, ಅರ್ಜಿ ಕೊಟ್ಟ, ಪರೀಕ್ಷಾ ವಿಭಾಗದ ಕಿಟಕಿಯಿಂದ ಕಿಟಕಿಗೆ ಅಲೆದ. ಲಕೋಟೆಯ ಅಂಟಿನ ಮೇಲೆ ಸಹಿ, ಸಹಿಯ ಮೇಲೆ ಮೊಹರು ಬಿದ್ದಿರಬೇಕು ಎಂದು ನಾನು ಒತ್ತಿ ಒತ್ತಿ ಹೇಳಿದ್ದೆ. ಮೊದಲ ಲಕೋಟೆಯಲ್ಲಿ ಮೊಹರು ಅಂಚಿನ ಮೇಲೆ ಬೀಳದೆ ಪಕ್ಕದಲ್ಲೆಲ್ಲೋ ಬಿದ್ದಿತ್ತು. ಪುಣ್ಯಕ್ಕೆ ಕೊರಿಯರ್‌ಗೆ ಕೊಡುವ ಮೊದಲು ತಮ್ಮ ಅದರ ಫೋಟೊ ಕಳುಹಿಸಿದ. ಮತ್ತೆ ಹೋಗಿ ಹೊಸದು ಮಾಡಿಸಿದ. ನಿಮ್ಮವರನ್ನು ಕಳುಹಿಸುವುದಾದರೆ ಲಕೋಟೆಯ ಎರಡೂ ಬದಿಯ ಫೋಟೊ ತರಿಸಿಕೊಂಡು ನೋಡಿ. ನಾಲ್ಕಾರು ತಿಂಗಳು ಹೋಗಬಹುದೆಂಬ ಲೆಕ್ಕದಲ್ಲೇ ಕೆಲಸ ಶುರು ಮಾಡಿ.

ಬಂದ ಫಲಿತಾಂಶ: ನನ್ನ ಮೂರು ವರ್ಷದ ಬಿ.ಕಾಂ ಇಲ್ಲಿನ ಬ್ಯಾಚುಲರ್ ಪದವಿಗೆ ಸಮವಲ್ಲ, ಪದವಿ ಹಂತದ ಮೂರು ವರ್ಷದ ಅಧ್ಯಯನಕ್ಕೆ ಮಾತ್ರ ಸಮ. ಆ ಸಂಜೆ ನನಗೆ ಊಟ ಸೇರಲಿಲ್ಲ. ಮೂರು ವರ್ಷ ಬಸ್ಸಿನಲ್ಲಿ ಓಡಾಡಿ, ಮೊದಲ ದರ್ಜೆಯಲ್ಲಿ ಪಾಸಾದದ್ದಕ್ಕೆ ಒಂದೇ ಸಾಲಿನಲ್ಲಿ ಕತ್ತರಿ ಬಿದ್ದಿತ್ತು. ಇಲ್ಲೊಂದು ವಿಷಯ ತಿಳಿದಿರಲಿ. ಎಲ್ಲ ಮೌಲ್ಯಮಾಪನ ಸಂಸ್ಥೆಗಳ ಮಾನದಂಡ ಒಂದೇ ಅಲ್ಲ, ಮೂರು ವರ್ಷದ ಪದವಿಯನ್ನು ಕೆಲವರು ಒಪ್ಪುವುದೂ ಉಂಟು. ಹಣ ಕಟ್ಟುವ ಮುನ್ನ, ನಿಮಗೆ ಆ ವರದಿ ಯಾರಿಗಾಗಿ ಬೇಕು, ಅವರು ಯಾವ ಸಂಸ್ಥೆಯ ವರದಿಯನ್ನು ಒಪ್ಪುತ್ತಾರೆ ಎಂದು ಕೇಳಿ ತಿಳಿದುಕೊಳ್ಳಿ. ಕಾಲೇಜಿಗೆ ಬೇಕೋ, ಸಿಪಿಎ (ನಮ್ಮ ಕಡೆಯ ಸಿಎ ಹಾಗೆ) ಪರವಾನಗಿ ಕೊಡುವ ರಾಜ್ಯ ಮಂಡಳಿಗೆ ಬೇಕೋ ಎನ್ನುವುದರ ಮೇಲೆ ಆಯ್ಕೆ ಬದಲಾಗುತ್ತದೆ.

ಎಂ.ಕಾಂ ಮಾಡಿದವರು ಅಥವಾ ಬಿ.ಕಾಂಗೆ ಬ್ಯಾಚುಲರ್ ಸಮಾನತೆ ಸಿಕ್ಕಿದವರು ಈ ಪದವಿಗೆ ಸೇರಬೇಕಾಗಿಲ್ಲ ಎಂದು ನಾನು ನೇರವಾಗಿ ಹೇಳುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಸಿಪಿಎ ಪರೀಕ್ಷೆಗೆ ಕೂರಲು ಬ್ಯಾಚುಲರ್ ಪದವಿಯ ಜೊತೆ ಅಕೌಂಟಿಂಗ್‌ನಲ್ಲಿ 24 ಯೂನಿಟ್, ವ್ಯವಹಾರ ಸಂಬಂಧಿ ವಿಷಯಗಳಲ್ಲಿ 24 ಯೂನಿಟ್ ಬೇಕು. ಕೊರತೆ ಬಿದ್ದ ಯೂನಿಟ್‌ಗಳನ್ನು ಕಮ್ಯೂನಿಟಿ ಕಾಲೇಜಿನಲ್ಲೇ ಬಿಡಿ ಕೋರ್ಸ್‌ಗಳಾಗಿ ತೆಗೆದುಕೊಳ್ಳಬಹುದು. ಜೀವಶಾಸ್ತ್ರದ ಪ್ರಯೋಗಾಲಯದಲ್ಲಿ ಕೂರುವ ಅಗತ್ಯ ನಿಮಗಿಲ್ಲ. ನನಗೆ ಆ ಬಾಗಿಲು ಮುಚ್ಚಿತ್ತು. ಬ್ಯಾಚುಲರ್ ಪದವಿ ಇಲ್ಲದೆ ಮುಂದಕ್ಕೆ ದಾರಿ ಇರಲಿಲ್ಲ, ಬ್ಯಾಚುಲರ್‌ಗೆ ಅತಿ ಅಗ್ಗದ ಮೆಟ್ಟಿಲು ಈ ಕಾಲೇಜು.

ಎಷ್ಟು ಅಗ್ಗವೆಂದರೆ, ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್. ಆದರೆ "ನಿವಾಸಿ" ಎನಿಸಿಕೊಳ್ಳುವುದೇ ಒಂದು ಸಾಹಸ. ಆನ್‌ಲೈನ್ ಅರ್ಜಿ ತುಂಬಿದ ಕೂಡಲೇ ನನ್ನನ್ನು ಹೊರರಾಜ್ಯದವಳೆಂದು ಪಟ್ಟಿಗೆ ಸೇರಿಸಿದರು. ಹಾಗಾದರೆ ಆ 46ರ ಮೇಲೆ ಯೂನಿಟ್ ಒಂದಕ್ಕೆ ಇನ್ನೂ 300ಕ್ಕೂ ಹೆಚ್ಚು ಡಾಲರ್ ಬೀಳುತ್ತದೆ. ಮೊದಲ ಸೆಮಿಸ್ಟರ್‌ಗೆ ನಾನು ಆರಿಸಿದ್ದ 8 ಯೂನಿಟ್‌ಗಳಿಗೆ ಮೂರು ಸಾವಿರ ಡಾಲರ್ ಸಮೀಪದ ಬಿಲ್ ಪರದೆಯ ಮೇಲೆ ಬಂತು. ಕಟ್ಟಬೇಕಿದ್ದದ್ದು 368.

ಎಚ್-4ನವರು ಕ್ಯಾಲಿಫೋರ್ನಿಯಾದಲ್ಲಿ ನಿವಾಸಿಗಳಾಗಲು ಕಾನೂನಿನ ಅಡ್ಡಿಯಿಲ್ಲ. ಸೆಮಿಸ್ಟರ್ ಆರಂಭಕ್ಕೆ ಮುಂಚೆ ಒಂದು ವರ್ಷಕ್ಕೂ ಮೀರಿ ಇಲ್ಲಿ ವಾಸವಿರಬೇಕು, ಇಲ್ಲೇ ನೆಲೆಸುವ ಉದ್ದೇಶವನ್ನು ದಾಖಲೆಗಳಿಂದ ತೋರಿಸಬೇಕು. ತೊಡಕಾದದ್ದು ದಾಖಲೆಗಳಲ್ಲಿ. ಮನೆ ಬಾಡಿಗೆ ಕರಾರು ನಮ್ಮವರ ಹೆಸರಿನಲ್ಲಿ, ವಿದ್ಯುತ್ ಬಿಲ್ ಅವರದೇ, ಕಾರಿನ ನೋಂದಣಿಯೂ ಅವರದೇ. ಇಷ್ಟು ವರ್ಷ ಸಂಸಾರ ನಡೆಸಿದ್ದಕ್ಕೆ ನನ್ನ ಹೆಸರಿನ ಸಾಕ್ಷಿ ಎಂದರೆ ಚಾಲನಾ ಪರವಾನಗಿ ಒಂದೇ. ಕೌಂಟರಿನ ಹುಡುಗಿ ಕಾಗದಗಳನ್ನು ತಿರುಗಿಸಿ ನೋಡಿ, "ಇದರಲ್ಲಿ ನಿಮ್ಮ ಹೆಸರು ಎಲ್ಲಿದೆ?" ಎಂದು ಕೇಳಿದಾಗ ಗಂಟಲು ಕಟ್ಟಿತು. ಕೊನೆಗೆ ಕೆಲಸಕ್ಕೆ ಬಂದದ್ದು ಇಬ್ಬರ ಹೆಸರೂ ಇರುವ ರಾಜ್ಯ ತೆರಿಗೆ ರಿಟರ್ನ್, ಜಂಟಿ ಬ್ಯಾಂಕ್ ಖಾತೆಯ ಹೇಳಿಕೆ, ಮದುವೆ ಪ್ರಮಾಣಪತ್ರ ಮತ್ತು ವೀಸಾ ಅರ್ಜಿ ಮಂಜೂರಾದ ಸೂಚನಾ ಪತ್ರವಾದ ಐ-797. ತರಗತಿ ಶುರುವಾಗಲು ಇನ್ನೇನು ಎರಡು ದಿನ ಇದೆ ಎನ್ನುವಾಗ ತಿದ್ದುಪಡಿಯಾಯಿತು. ಈಗಷ್ಟೇ ಬಂದಿರುವ ತಂಗಿಯರಿಗೆ ನನ್ನ ಒತ್ತಾಯ: ಓದುವ ಯೋಚನೆ ಇರಲಿ, ಬಿಡಲಿ, ಬಾಡಿಗೆ ಕರಾರಿನಲ್ಲಿ ನಿಮ್ಮ ಹೆಸರನ್ನೂ ಸೇರಿಸಿ, ಒಂದು ಬಿಲ್ಲಾದರೂ ನಿಮ್ಮ ಹೆಸರಿಗೆ ಬರಲಿ.

ಇದೇ ಓದಿಗಾಗಿ ಎಚ್-4 ಬಿಟ್ಟು ಎಫ್-1 ವಿದ್ಯಾರ್ಥಿ ವೀಸಾಕ್ಕೆ ಹೋಗುವ ಯೋಚನೆಯವರೂ ಇದ್ದಾರೆ. ಪದವಿ ಮುಗಿದ ಮೇಲೆ ಓಪಿಟಿ ಎಂಬ ತರಬೇತಿ ಪರವಾನಗಿಯಲ್ಲಿ ಒಂದು ವರ್ಷ ಕೆಲಸ ಮಾಡಬಹುದು ಎಂಬುದು ಅದರ ಆಕರ್ಷಣೆ. ಆದರೆ ಎಫ್-1 ಆದರೆ ಹೊರರಾಜ್ಯದವರ ಶುಲ್ಕವೇ ಗತಿ. ಅಲ್ಲದೆ ಅಸೋಸಿಯೇಟ್ ಡಿಗ್ರಿಯ ಬಲದ ಮೇಲೆ ನಿಮ್ಮದೇ ಎಚ್-1ಬಿ ಆಗುವುದಿಲ್ಲ, ಅದಕ್ಕೆ ಬ್ಯಾಚುಲರ್ ಅಥವಾ ತತ್ಸಮಾನ ಅರ್ಹತೆ ಬೇಕು. ಇಎಡಿ ಸಿಗುವ ಸೂಚನೆಯೇ ಇಲ್ಲದವರು ಈ ಒಂದು ಕಾರಣಕ್ಕಾಗಿಯೇ ಹತ್ತು ಬಾರಿ ಯೋಚಿಸಬೇಕು.

ಸರ್ಕಾರದ ಸಹಾಯಧನದ ಆಸೆಯನ್ನು ಇಟ್ಟುಕೊಳ್ಳಬೇಡಿ. ಫಾಫ್ಸಾ ಅರ್ಜಿಯ ಮೂಲಕ ಸಿಗುವ ಕೇಂದ್ರದ ನೆರವು ಎಚ್-4ನವರಿಗಿಲ್ಲ. ಗ್ರೀನ್ ಕಾರ್ಡ್ ಬಂದ ನನ್ನ ಗೆಳತಿಯೊಬ್ಬರಿಗೆ ಅದಕ್ಕಿಂತ ವಿಚಿತ್ರವಾದ ಅಡ್ಡಿ ಎದುರಾಯಿತು. ಬ್ಯಾಚುಲರ್ ಪದವಿ ಇರುವವರಿಗೆ ಪೆಲ್ ಎಂಬ ಕೇಂದ್ರದ ಅನುದಾನ ಸಿಗುವುದಿಲ್ಲ, ಆ ಪದವಿ ವಿದೇಶದ್ದಾದರೂ ಸರಿಯೇ. ಅಂದರೆ ಕೆಲಸದ ಮಾರುಕಟ್ಟೆಯಲ್ಲಿ ಲೆಕ್ಕಕ್ಕೆ ಬಾರದ ಅವರ ಬಿ.ಎ. ಅನುದಾನ ತಪ್ಪಿಸುವುದಕ್ಕೆ ಮಾತ್ರ ಲೆಕ್ಕಕ್ಕೆ ಬಂತು. ಆ ಅನ್ಯಾಯ ನನಗೆ ಇವತ್ತಿಗೂ ಜೀರ್ಣವಾಗಿಲ್ಲ. ಇನ್ನು ಓದಿನ ಖರ್ಚಿಗೆ ತೆರಿಗೆ ವಿನಾಯಿತಿ ಇದೆ, ನಿಜ. ಆದರೆ ಜಂಟಿಯಾಗಿ ರಿಟರ್ನ್ ಸಲ್ಲಿಸುವ ದಂಪತಿಯ ಆದಾಯ 1,60,000 ಡಾಲರ್ ದಾಟಿದರೆ ಅದು ಇಳಿಯುತ್ತಾ ಹೋಗಿ 1,80,000ಕ್ಕೆ ಪೂರ್ತಿ ನಿಲ್ಲುತ್ತದೆ. ನಾವಿರುವ ಬೇ ಏರಿಯಾದ ಎಷ್ಟೋ ಸಾಫ್ಟ್‌ವೇರ್ ಕುಟುಂಬಗಳು ಆ ಗಡಿಯ ಆಚೆ ಇರುತ್ತವೆ.

ಕಾಲೇಜಿನ ಕೌನ್ಸೆಲರ್ ಜೊತೆ ಕುಳಿತದ್ದು ನನ್ನ ಇಡೀ ಓದಿನಲ್ಲೇ ಅತ್ಯಂತ ಉಪಯುಕ್ತವಾದ ಒಂದು ಗಂಟೆ. ಬಿ.ಕಾಂನಿಂದ 15 ಯೂನಿಟ್‌ಗಳನ್ನು ಒಪ್ಪಿಕೊಂಡರು. ಮುಖ್ಯ ಅಕೌಂಟಿಂಗ್ ವಿಷಯಗಳನ್ನು ಒಪ್ಪಲಿಲ್ಲ, ಇಂಗ್ಲಿಷ್ ಬರವಣಿಗೆಯನ್ನೂ ಒಪ್ಪಲಿಲ್ಲ. ಉಳಿದದ್ದು 45. ಅವರು ಇನ್ನೊಂದು ಮಾತು ಕೇಳಿದರು: "ನಿಮಗೆ ಬೇಗ ಕೆಲಸ ಬೇಕೋ, ಮುಂದೆ ವಿಶ್ವವಿದ್ಯಾಲಯಕ್ಕೆ ಹೋಗಬೇಕೋ?" ಸ್ಟೇಟ್ ಯೂನಿವರ್ಸಿಟಿಗೆ ವರ್ಗಾವಣೆ ಆಗಲೆಂದೇ ರೂಪಿಸಿರುವ ಪದವಿ ಬಿಸಿನೆಸ್ ಅಡ್ಮಿನಿಸ್ಟ್ರೇಷನ್ ಹೆಸರಿನದು. ಅಕೌಂಟಿಂಗ್ ಹೆಸರಿನ ಪದವಿ ಕೆಲಸಕ್ಕೆ ಸಿದ್ಧ ಮಾಡುವಂಥದ್ದು, ಅದರಲ್ಲಿನ ಪೇರೋಲ್ (ಸಂಬಳದ ಲೆಕ್ಕ), ಕ್ವಿಕ್‌ಬುಕ್ಸ್ (ಟ್ಯಾಲಿಯಂಥ ತಂತ್ರಾಂಶ), ತೆರಿಗೆ ತಯಾರಿಯಂಥ ಕೋರ್ಸ್‌ಗಳೆಲ್ಲ ಮುಂದಿನ ಪದವಿಗೆ ಎಣಿಕೆಯಾಗದೆ ಹೋಗಬಹುದು. ನಾನು ಅಕೌಂಟಿಂಗ್ ಪದವಿಯನ್ನೇ ಆರಿಸಿ, ಎರಡಕ್ಕೂ ಬೇಕಾದ ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರ, ವಾಣಿಜ್ಯ ಕಾನೂನುಗಳನ್ನು ಮೊದಲು ಮುಗಿಸಿದೆ. ಈ ವ್ಯತ್ಯಾಸವನ್ನು ಸೇರುವ ದಿನವೇ ಕೇಳಿ ತಿಳಿಯಿರಿ.

ಮುಂದಿನ ಕಾಯುವಿಕೆ ಸೀಟಿನದು. ಹೊಸ ವಿದ್ಯಾರ್ಥಿಗಳಿಗೆ ನೋಂದಣಿ ದಿನಾಂಕ ಕೊನೆಗೆ ಬರುತ್ತದೆ. ಅಷ್ಟರಲ್ಲಿ ಸಂಜೆಯ ಫೈನಾನ್ಷಿಯಲ್ ಅಕೌಂಟಿಂಗ್ ತುಂಬಿ ಹೋಗಿತ್ತು, ನನ್ನದು ಕಾಯುವ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು. ಆಸೆ ಬಿಡದೆ ಮೊದಲ ದಿನವೇ ತರಗತಿಗೆ ಹೋಗಿ ಹಿಂದಿನ ಬೆಂಚಿನಲ್ಲಿ ಕುಳಿತೆ. ಬಾರದವರ ಹೆಸರುಗಳನ್ನು ಅಧ್ಯಾಪಕಿ ಹೊಡೆದು ಹಾಕಿ, ಎದುರಿಗೆ ಕುಳಿತಿದ್ದ ನಮಗೆ ಸೇರ್ಪಡೆ ಸಂಖ್ಯೆ ಕೊಟ್ಟರು. ಕಾಯುವ ಪಟ್ಟಿಯಲ್ಲಿದ್ದೇವೆಂದು ಮನೆಯಲ್ಲಿ ಕೂರಬೇಡಿ.

ಪುಸ್ತಕದ ವಿಷಯಕ್ಕೆ ಬಂದರೆ, ಅಕೌಂಟಿಂಗ್ ಕೋರ್ಸ್‌ಗಳಲ್ಲಿ ಮನೆಗೆಲಸವೆಲ್ಲ ಪ್ರಕಾಶಕರ ಜಾಲತಾಣದಲ್ಲಿ. ಅದರ ಪ್ರವೇಶ ಸಂಕೇತ ನೂರು ಡಾಲರ್ ಮೇಲೆ, ಹಳೆಯ ಪುಸ್ತಕ ಕೊಂಡರೆ ಅದು ಬರುವುದಿಲ್ಲ. ವೇಳಾಪಟ್ಟಿಯಲ್ಲಿ "ಶೂನ್ಯ ಪುಸ್ತಕ ವೆಚ್ಚ" ಎಂಬ ಗುರುತು ಇರುವ ವಿಭಾಗಗಳನ್ನು ಹುಡುಕಿದರೆ ಬಹಳ ಉಳಿಯುತ್ತದೆ. ಸಾಮಾನ್ಯ ಶಿಕ್ಷಣದ ಬಹುತೇಕ ಕೋರ್ಸ್‌ಗಳನ್ನು ನಾನು ಹಾಗೆಯೇ ಮುಗಿಸಿದೆ.

ಓದು ಕಷ್ಟವಾಗಿತ್ತೇ? ಅಕೌಂಟಿಂಗ್ ಅಲ್ಲ. ಡೆಬಿಟ್, ಕ್ರೆಡಿಟ್ ಯಾವ ದೇಶದಲ್ಲೂ ಬದಲಾಗುವುದಿಲ್ಲ. ನಾವು ಬಾಯಿಪಾಠ ಮಾಡಿದ ವೈಯಕ್ತಿಕ, ವಾಸ್ತವಿಕ, ನಾಮಮಾತ್ರ ಖಾತೆಗಳ ಮೂರು ಸೂತ್ರಗಳ ಬದಲು ಇಲ್ಲಿ ಆಸ್ತಿ, ಹೊಣೆ, ಬಂಡವಾಳದ ಸಮೀಕರಣದಿಂದ ಹೊರಡುತ್ತಾರೆ. ಕೊನೆಗೆ ಬಂದದ್ದನ್ನು ಮೊದಲು ಮಾರಿದಂತೆ ಲೆಕ್ಕ ಹಾಕುವ ಲೈಫೊ ಪದ್ಧತಿಗೆ ಭಾರತದ ಲೆಕ್ಕ ಮಾನದಂಡಗಳಲ್ಲಿ ಜಾಗವಿಲ್ಲ, ಇಲ್ಲಿ ಅದು ಚಾಲ್ತಿಯಲ್ಲಿದೆ. ಇಂಥ ವ್ಯತ್ಯಾಸಗಳು ಎರಡು ವಾರದಲ್ಲಿ ಕೈಗೆ ಹತ್ತುತ್ತವೆ. ನನ್ನನ್ನು ನಿಜಕ್ಕೂ ಹಿಂಡಿದ್ದು ಇಂಗ್ಲಿಷ್ ಬರವಣಿಗೆಯ ಕೋರ್ಸ್. ಒಂದು ಪ್ರಬಂಧವನ್ನು ನಾಲ್ಕು ಸಲ ತಿದ್ದಿ ಬರೆಯಬೇಕು, ಪ್ರತಿ ಮಾತಿಗೂ ಆಧಾರ ಕೊಡಬೇಕು. ಮಗಳು ಮಲಗಿದ ಮೇಲೆ ಅಡುಗೆಮನೆಯ ಕಟ್ಟೆಯ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ನಿಂತೇ ಬರೆಯುತ್ತಿದ್ದೆ, ಕುಳಿತರೆ ನಿದ್ದೆ ಎಳೆಯುತ್ತಿತ್ತು. ಆದರೆ ಈಗ ಕಚೇರಿಯಲ್ಲಿ ಬಾಕಿ ಉಳಿಸಿಕೊಂಡ ಗುತ್ತಿಗೆದಾರನಿಗೆ ಗಟ್ಟಿಯಾದ, ಮರ್ಯಾದೆಯ ಇಮೇಲ್ ಬರೆಯುವಾಗ ನನ್ನ ನೆರವಿಗೆ ಬರುವುದು ಅದೇ ಕೋರ್ಸ್.

ಸಹಪಾಠಿಗಳಿಂದ ಕಲಿತದ್ದೂ ಕಡಿಮೆಯಲ್ಲ. ಪೇರೋಲ್ ತರಗತಿಯಲ್ಲಿ ನನ್ನ ಪಕ್ಕ ಕೂರುತ್ತಿದ್ದವರು ತೋಟಗಾರಿಕೆ ಕೆಲಸದ ಸಣ್ಣ ಕಂಪನಿ ನಡೆಸುವ, ಮೆಕ್ಸಿಕೊ ಮೂಲದ ಒಬ್ಬ ಹಿರಿಯರು. ಸಂಜೆ ನೇರವಾಗಿ ಕೆಲಸದಿಂದ ಬರುತ್ತಿದ್ದರು, ಬೂಟಿನಲ್ಲಿ ಇನ್ನೂ ಒದ್ದೆ ಮಣ್ಣು. ಒಮ್ಮೆ ವರ್ಷದ ರಸೀದಿಗಳನ್ನೆಲ್ಲ ಒಂದು ಪೆಟ್ಟಿಗೆಯಲ್ಲಿ ತಂದರು: ಪೆಟ್ರೋಲು, ಗೊಬ್ಬರ, ಹುಲ್ಲು ಕತ್ತರಿಸುವ ಯಂತ್ರದ ರಿಪೇರಿ. ಬಿಸಿಲಿಗೆ ಅರ್ಧಕ್ಕರ್ಧ ಅಕ್ಷರ ಮಾಸಿತ್ತು. ನಾವಿಬ್ಬರೂ ಗ್ರಂಥಾಲಯದಲ್ಲಿ ಕುಳಿತು ತಿಂಗಳುವಾರು ವಿಂಗಡಿಸಿ, ಬ್ಯಾಂಕ್ ಹೇಳಿಕೆಯೊಂದಿಗೆ ತಾಳೆ ಹಾಕಿ, ಕ್ವಿಕ್‌ಬುಕ್ಸ್‌ಗೆ ಏರಿಸಿದೆವು. ಇಲ್ಲಿನ ಸಣ್ಣ ವ್ಯಾಪಾರಿಯ ಲೆಕ್ಕ ಹೇಗಿರುತ್ತದೆ ಎಂದು ನನಗೆ ತಿಳಿದದ್ದು ಆ ಪೆಟ್ಟಿಗೆಯಿಂದ. ಸಂದರ್ಶನದಲ್ಲಿ ನಾನು ಹೇಳಿದ್ದೂ ಅದನ್ನೇ. ಫೆಬ್ರುವರಿಯಿಂದ ಏಪ್ರಿಲ್‌ವರೆಗೆ ಕಡಿಮೆ ಆದಾಯದವರಿಗೆ ಉಚಿತವಾಗಿ ತೆರಿಗೆ ರಿಟರ್ನ್ ತುಂಬಿಕೊಡುವ ಅಮೆರಿಕದ ತೆರಿಗೆ ಇಲಾಖೆ ಐಆರ್‌ಎಸ್‌ನ ವೀಟಾ ಕಾರ್ಯಕ್ರಮದಲ್ಲಿಯೂ ಸ್ವಯಂಸೇವೆ ಮಾಡಿದೆ. ತರಬೇತಿ ಪುಕ್ಕಟೆ, ಪರೀಕ್ಷೆ ಪಾಸಾಗಬೇಕು.

ಈಗ ಹಣದ ವಿಷಯ. ಶುಲ್ಕ 45 ಯೂನಿಟ್‌ಗೆ 2,070 ಡಾಲರ್. ಆರೋಗ್ಯ ಶುಲ್ಕ, ಪಾರ್ಕಿಂಗ್ ಎಂದು ಸುಮಾರು 300. ಪುಸ್ತಕ, ಪ್ರವೇಶ ಸಂಕೇತಗಳು 640. ಟ್ರಾನ್ಸ್‌ಕ್ರಿಪ್ಟ್, ಕೊರಿಯರ್, ಮೌಲ್ಯಮಾಪನ 420ರಷ್ಟು. ಒಟ್ಟು ಮೂರೂವರೆ ಸಾವಿರದೊಳಗೆ. ಇಷ್ಟನ್ನೇ ನೋಡಿದರೆ ಯಾರಾದರೂ ಸೇರಿಬಿಡುತ್ತಾರೆ. ಆದರೆ ಬಿಟ್ಟ ಸಂಬಳವನ್ನೂ ಖರ್ಚಿನ ಪಟ್ಟಿಗೆ ಬರೆಯಬೇಕು. ಆ 21 ಡಾಲರ್‌ನ ಕೆಲಸ ಕಾಯಂ ಆಗಿದ್ದರೆ ವರ್ಷಕ್ಕೆ 43,680 ಡಾಲರ್ ಬರುತ್ತಿತ್ತು. ಈಗ ನನಗೆ ಸಿಕ್ಕಿರುವುದು ಒಂದು ನಿರ್ಮಾಣ ಕಂಪನಿಯಲ್ಲಿ ಪೂರೈಕೆದಾರರ ಬಿಲ್ ಪಾವತಿ ನೋಡಿಕೊಳ್ಳುವ ಕೆಲಸ, ಗಂಟೆಗೆ 28 ಡಾಲರ್. ವ್ಯತ್ಯಾಸ ವರ್ಷಕ್ಕೆ 14,560. ಎರಡೂವರೆ ವರ್ಷ ಬಿಟ್ಟ ಸಂಬಳವನ್ನು ಈ ವ್ಯತ್ಯಾಸದಿಂದ ತುಂಬಿಕೊಳ್ಳಲು ಏಳು ವರ್ಷ ದಾಟುತ್ತದೆ. ಮಗುವಿಲ್ಲದಿದ್ದರೆ ನಾನು ಖಂಡಿತ ಕೆಲಸ ಹಿಡಿದು, ಸಂಜೆ ಒಂದೊಂದೇ ಕೋರ್ಸ್ ಮಾಡುತ್ತಿದ್ದೆ.

ನನ್ನ ಲೆಕ್ಕವನ್ನು ತಿರುಗಿಸಿದ್ದು ಡೇಕೇರ್. ಎರಡು ವರ್ಷದ ಮಗುವಿಗೆ ದಿನಪೂರ್ತಿ ಡೇಕೇರ್ ಎಂದರೆ ನಮ್ಮ ಬಡಾವಣೆಯಲ್ಲಿ ತಿಂಗಳಿಗೆ 2,400 ಡಾಲರ್ ಕೇಳಿದರು, ವರ್ಷಕ್ಕೆ 28,800. ಸಂಬಳದಲ್ಲಿ ಅದನ್ನು ಕಳೆದರೆ ಉಳಿಯುವುದು 15 ಸಾವಿರಕ್ಕೂ ಕಡಿಮೆ, ಅದರಲ್ಲೂ ತೆರಿಗೆ ಹೋಗಬೇಕು. ಅಂದರೆ ನಾನು ನಿಜವಾಗಿ ಕಳೆದುಕೊಂಡದ್ದು ತೀರಾ ಕಡಿಮೆ. ಸಂಜೆ ಮತ್ತು ಆನ್‌ಲೈನ್ ತರಗತಿ ಹಿಡಿದು, ನಮ್ಮವರು ಕಚೇರಿಯಿಂದ ಬಂದ ಮೇಲೆ ನಾನು ಕಾಲೇಜಿಗೆ ಹೊರಡುತ್ತಿದ್ದೆ. 2025-26ರಿಂದ ಕ್ಯಾಲಿಫೋರ್ನಿಯಾದಲ್ಲಿ ಸೆಪ್ಟೆಂಬರ್ 1ರೊಳಗೆ ನಾಲ್ಕು ತುಂಬುವ ಎಲ್ಲ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಟಿಕೆ (ಕಿಂಡರ್‌ಗಾರ್ಟನ್‌ಗೆ ಮುಂಚಿನ) ತರಗತಿ ಉಚಿತವಾಗಿ ಸಿಗುತ್ತದೆ. ಮಗಳು ಆ ಆಗಸ್ಟ್‌ನಲ್ಲಿ ಅಲ್ಲಿಗೆ ಸೇರಿದಳು. ನನ್ನ ಹಗಲುಗಳು ಬಿಡುವಾದದ್ದೂ ಪದವಿ ಕೊನೆಗೆ ಬಂದದ್ದೂ ಒಂದೇ ಹೊತ್ತಿಗೆ.

ಪದವಿಯ ಮಿತಿಯನ್ನೂ ಮುಚ್ಚಿಡಬಾರದು. ಅಮೆರಿಕದ ಕಾರ್ಮಿಕ ಅಂಕಿಅಂಶ ಇಲಾಖೆಯ ಪ್ರಕಾರ 2024ರ ಮೇನಲ್ಲಿ ಲೆಕ್ಕದ ಗುಮಾಸ್ತರ ಮಧ್ಯಮ ವಾರ್ಷಿಕ ವೇತನ 49,210 ಡಾಲರ್, ಅಕೌಂಟೆಂಟ್ ಮತ್ತು ಆಡಿಟರ್‌ಗಳದ್ದು 81,680. ಗುಮಾಸ್ತೆ ಕೆಲಸಕ್ಕೆ ಅಸೋಸಿಯೇಟ್ ಡಿಗ್ರಿ ಕಡ್ಡಾಯವಲ್ಲ, ಅಕೌಂಟೆಂಟ್ ಆಗಲು ಅದು ಸಾಲದು. ಈ ಎರಡರ ನಡುವಿನ ಜಾಗದಲ್ಲಿ ನಿಂತಿದೆ ನಮ್ಮ ಪದವಿ. ಮೇಲಾಗಿ ತಂತ್ರಾಂಶಗಳು ಬಿಲ್ ಓದಿ ತಾವೇ ನಮೂದಿಸುವ ಕಾಲ ಇದು, ಗುಮಾಸ್ತೆ ಹುದ್ದೆಗಳು ಇಳಿಯುತ್ತವೆ ಎಂದು ಅದೇ ಇಲಾಖೆ ಅಂದಾಜಿಸಿದೆ. ಹಾಗಾಗಿ ಇಲ್ಲಿಗೇ ನಿಲ್ಲುವ ಯೋಚನೆ ಇರುವವರಿಗೆ ನಾನು ಎನ್ರೋಲ್ಡ್ ಏಜೆಂಟ್ ಪರೀಕ್ಷೆಯ ಕಡೆ ಕೈ ತೋರಿಸುತ್ತೇನೆ. ಐಆರ್‌ಎಸ್ ಎದುರು ತೆರಿಗೆದಾರರನ್ನು ಪ್ರತಿನಿಧಿಸುವ ಈ ಅರ್ಹತೆಗೆ ಪದವಿಯೇ ಬೇಕಿಲ್ಲ, ಮೂರು ಭಾಗಗಳ ಪರೀಕ್ಷೆ ಪಾಸಾಗಬೇಕು.

ಕೆಲಸ ಹುಡುಕುವಾಗ ಒಂದು ಆತಂಕ ಸದಾ ಬೆನ್ನಿಗಿತ್ತು, ಇಎಡಿಯ ಮುಕ್ತಾಯ ದಿನಾಂಕ. ಮೊದಲೆಲ್ಲ ನವೀಕರಣದ ಅರ್ಜಿ ಹಾಕಿದರೆ ಹಳೆಯದು ಕೆಲಕಾಲ ತಾನಾಗಿ ವಿಸ್ತರಣೆಯಾಗುತ್ತಿತ್ತು. 2025ರ ಅಕ್ಟೋಬರ್ 30ರಿಂದ ಸಲ್ಲಿಸುವ ಅರ್ಜಿಗಳಿಗೆ ಆ ಅನುಕೂಲ ಇಲ್ಲ. ಕಾರ್ಡ್ ತಡವಾದರೆ ಕೆಲಸ ನಿಲ್ಲಿಸಿ ಮನೆಯಲ್ಲಿ ಕೂರಬೇಕು. ಮುಕ್ತಾಯಕ್ಕೆ 180 ದಿನ ಇರುವಾಗಲೇ ಅರ್ಜಿ ಹಾಕಬಹುದು, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡಿ.

ನಾನು ಈಗ ಹಗಲು ಕೆಲಸಕ್ಕೆ ಹೋಗುತ್ತಾ, ಮುಂದಿನ ಫಾಲ್ ಸೆಮಿಸ್ಟರ್‌ಗೆ ಸ್ಟೇಟ್ ಯೂನಿವರ್ಸಿಟಿ ಸೇರಲು ಅರ್ಜಿ ಹಾಕಿದ್ದೇನೆ. ಅಲ್ಲಿ ಪೂರ್ಣಾವಧಿ ಶುಲ್ಕ 2025-26ಕ್ಕೆ 6,450 ಡಾಲರ್, ಕ್ಯಾಂಪಸ್ಸಿನ ಇತರ ಶುಲ್ಕಗಳು ಬೇರೆ. ಗ್ರೀನ್ ಕಾರ್ಡ್ ಯಾವಾಗ ಬರುತ್ತದೋ ತಿಳಿಯದು, ಓದನ್ನು ಅದಕ್ಕಾಗಿ ಕಾಯಿಸುವುದಿಲ್ಲ ಎಂದು ತೀರ್ಮಾನಿಸಿದ್ದೇನೆ. ಊರಿನಿಂದ ಟ್ರಾನ್ಸ್‌ಕ್ರಿಪ್ಟ್ ತರಿಸುವವರು ಒಂದರ ಬದಲು ಮೂರು ಮೊಹರಾದ ಪ್ರತಿ ಮಾಡಿಸಿ ಇಟ್ಟುಕೊಳ್ಳಿ. ಸ್ಟೇಟ್ ಯೂನಿವರ್ಸಿಟಿಯವರೂ ಅದನ್ನೇ ಕೇಳಿದರು, ತಮ್ಮ ನಾಳೆ ಮತ್ತೆ ಚಲನ್ ಕಟ್ಟಲು ಹೊರಟಿದ್ದಾನೆ.